ಹಾ ಲಾಂಗ್ ಬೇ: ಅದು ಖಾಲಿ ಜಾಗ ಅಲ್ಲ, ಖಾಲಿ ಮಾಡಿಸಿದ ಜಾಗ

1/9
ಹೋದ ವಾರ ಹಾ ಲಾಂಗ್ ಬೇ ಫೋಟೋ ಹಾಕಿದ್ದೆನಲ್ಲ, ಅದರ ಕೆಳಗೆ "ಮನುಷ್ಯರ ಸುಳಿವೇ ಇಲ್ಲದ ಸ್ವರ್ಗ" ಅಂತ ಬರೆದಿದ್ದೆ. ಇವತ್ತು ಬೆಳಿಗ್ಗೆ ಆ ಸಾಲು ಅಳಿಸಿದೆ. ಯಾಕೆ ಅಂತ ಕೇಳಿದವರಿಗೆಲ್ಲ ಡಿಎಂನಲ್ಲಿ ಉತ್ತರ ಬರೆಯೋಕೆ ಆಗಲ್ಲ, ಅದಕ್ಕೇ ಈ ಸರಣಿ. ಸ್ವಲ್ಪ ಉದ್ದ ಇದೆ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಸೀಟ್ ಸಿಕ್ಕಾಗ ಓದಿ.

ಹೊಸದಾಗಿ ಫಾಲೋ ಮಾಡಿದವರಿಗೆ: ನಾನು ಸಾಗರದವಳು, ಬಿಕಾಂ ಓದ್ತಿದೀನಿ. ಡಿಸೆಂಬರ್ ಕೊನೆಗೆ ಅಮ್ಮ, ಮಾವ, ನಾನು ಮೂವರೂ ವಿಯೆಟ್ನಾಂಗೆ ಹೋಗಿದ್ವಿ. ವಿಮಾನದ ಟಿಕೆಟ್ ಮಾವ ತೆಗೆಸಿದ್ರು. ಇ-ವೀಸಾ ತಲೆಗೆ 25 ಡಾಲರ್. ಒಂದು ರಾತ್ರಿಯ ಕ್ರೂಸ್ ಮಾತ್ರ ಅಮ್ಮಂದು, ಎರಡು ವರ್ಷ ಕಟ್ಟಿದ ಚೀಟಿ ದುಡ್ಡು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹೋಗಬಹುದಾ? ಖಂಡಿತ ಹೋಗಿ. ಆದ್ರೆ ಅಲ್ಲಿಂದ ಬಂದು ಅದು ಯಾರೂ ಇಲ್ಲದ, ಯಾರೂ ಮುಟ್ಟದ ಜಾಗ ಅಂತ ನನ್ನ ಹಾಗೆ ಬರೀಬೇಡಿ. ಅದು ಸುಳ್ಳು. ಆ ಸುಳ್ಳಿನಿಂದ ಯಾರಿಗೆ ನಷ್ಟ ಅನ್ನೋದು ನಮ್ಮ ಊರಿನವಳಾಗಿ ನನಗೇ ಮೊದಲು ಹೊಳೀಬೇಕಿತ್ತು.

2/9
ಮೊದಲು ಲೆಕ್ಕ, ಬಿಕಾಂ ಬುದ್ಧಿ ಬಿಡಲ್ಲ.

ಪ್ಯಾಕೇಜ್ ಹೆಸರು "2 ದಿನ 1 ರಾತ್ರಿ". ನಾವು ಹಡಗು ಹತ್ತಿದ್ದು ಮಧ್ಯಾಹ್ನ 12.15ಕ್ಕೆ, ಇಳಿದಿದ್ದು ಮರುದಿನ 10.45ಕ್ಕೆ. ಅಂದ್ರೆ 22 ಗಂಟೆ 30 ನಿಮಿಷ. ಇದ್ರಲ್ಲಿ ನಿದ್ದೆಗೆ 7 ಗಂಟೆ, ಊಟ ತಿಂಡಿಗೆ 4, ರೂಮ್ ಕೀಲಿ, ಬ್ಯಾಗ್, ಬಿಲ್ಲು ಅಂತ 2. ಗುಹೆ ಮತ್ತು ಹುಟ್ಟು ಹಾಕೋ ದೋಣಿ ಸೇರಿ 3. ಅಡುಗೆ ತೋರ್ಸೋದು, ರಾತ್ರಿ ಗಾಳ ಹಾಕಿ ಸ್ಕ್ವಿಡ್ ಹಿಡಿಯೋ ಆಟ ಅಂತ ಒಂದೂವರೆ. ಉಳಿದಿದ್ದು ಸುಮಾರು 5 ಗಂಟೆ. ಸುಮ್ಮನೆ ಡೆಕ್ ಮೇಲೆ ನಿಂತು ನೋಡೋಕೆ ಸಿಗೋದು ಅಷ್ಟೇ. ಹನೋಯಿಯಿಂದ ಬಂದರಿಗೆ ಬಸ್ಸಲ್ಲಿ ಎರಡೂವರೆ ಗಂಟೆ, ವಾಪಸ್ ಎರಡೂವರೆ. ಅದೂ 5 ಗಂಟೆ ಆಯ್ತು!

ಆದ್ರೂ ನಷ್ಟ ಅಂತ ಹೇಳಲ್ಲ. ಬೆಳಿಗ್ಗೆ ಬಂದು ಸಂಜೆ ಹೋಗೋ ದೋಣಿಯವರಿಗೆ ಆ ಬೆಳಗಿನ ಜಾವ ಸಿಗಲ್ಲ. ಐದೂವರೆಗೆ ಎದ್ದು ಬಾಗಿಲು ತೆಗೆದ್ರೆ ಮಂಜು. ಮಂಜಿನ ಒಳಗಿಂದ ಒಂದೊಂದೇ ಬೆಟ್ಟ ಹೊರಗೆ ಬರ್ತಿತ್ತು. ನೀರು ಅಲ್ಲಾಡ್ತಾನೇ ಇರ್ಲಿಲ್ಲ. ಅಮ್ಮ ಸ್ವೆಟರ್ ಮೇಲೆ ಶಾಲು ಹೊದ್ದು ರೇಲಿಂಗ್ ಹಿಡಿದು ನಿಂತಿದ್ರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಒಂದೇ ಮಾತು: "ನಮ್ಮ ಹಿನ್ನೀರಿನ ಥರಾನೇ ಇದೆಯಲ್ಲೇ."

ನಾನು ನಕ್ಕೆ. ಇಷ್ಟು ದೂರ ಬಂದು ಇವರಿಗೆ ಸಾಗರವೇ ಕಾಣ್ತಿದೆಯಲ್ಲ ಅಂತ.

3/9
ಅಮ್ಮ ಹೇಳಿದ್ದು ತಪ್ಪಿರ್ಲಿಲ್ಲ.

ಹಾ ಲಾಂಗ್ ಅಂದ್ರೆ ಇಳಿದು ಬಂದ ಡ್ರ್ಯಾಗನ್. ವೈರಿಗಳು ಹಡಗಲ್ಲಿ ಬಂದಾಗ ತಾಯಿ ಡ್ರ್ಯಾಗನ್ ಮರಿಗಳ ಜೊತೆ ಇಳಿದು ಬಂದು ಬಾಯಿಂದ ರತ್ನಗಳನ್ನ ಉಗುಳಿತಂತೆ. ಅವೇ ದ್ವೀಪಗಳಾಗಿ ಹಡಗುಗಳಿಗೆ ಅಡ್ಡ ನಿಂತವಂತೆ. ಪಕ್ಕದ ಬಾಯ್ ತು ಲಾಂಗ್ ಕೊಲ್ಲಿಗೆ ಮರಿಗಳ ಹೆಸರು. ನಮ್ಮ ಹಡಗು ಹೋಗಿದ್ದು ಆ ಕಡೆಗೆ. ಅಲ್ಲಿ ರಶ್ ಕಡಿಮೆ.

ಇದು ಕಥೆ. ಭೂಗೋಳ ಏನು ಹೇಳುತ್ತೆ ಅಂದ್ರೆ, ಇವೆಲ್ಲ ಸುಣ್ಣಕಲ್ಲಿನ ಬೆಟ್ಟಗಳು. ಯಾಣ ನೋಡಿದೀರಲ್ಲ, ಕಪ್ಪಗೆ ನೆಟ್ಟಗೆ ನಿಂತ ಬಂಡೆಗಳು, ಅದೂ ಸುಣ್ಣಕಲ್ಲೇ. ಅಂಥ ಬೆಟ್ಟಗಳ ಒಂದು ಇಡೀ ನಾಡು ಮಳೆನೀರಿಗೆ ಸವೆದು ಸವೆದು ಕಣಿವೆ, ಗುಹೆ ಎಲ್ಲ ಆಯ್ತು. ಹಿಮಯುಗ ಮುಗಿದು ಸಮುದ್ರ ಏರಿದಾಗ ಕಣಿವೆಗಳು ಮುಳುಗಿದವು, ತುದಿಗಳು ಮಾತ್ರ ಮೇಲೆ ಉಳಿದವು. ಆ ತುದಿಗಳಿಗೇ ನಾವು ದ್ವೀಪ ಅಂತೀವಿ. ಹಾ ಲಾಂಗ್‌ನಲ್ಲಿ ಅಂಥವು 1,900ಕ್ಕೂ ಹೆಚ್ಚು. 1994ರಲ್ಲಿ ಯುನೆಸ್ಕೋ ಇದನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು, 2023ರಲ್ಲಿ ಕಾಟ್ ಬಾ ದ್ವೀಪಗಳನ್ನೂ ಸೇರಿಸಿ ವಿಸ್ತರಿಸಿತು.

ಅಂದ್ರೆ ನಾವು ನೋಡ್ತಿದ್ದಿದ್ದು ಮುಳುಗಿದ ಬೆಟ್ಟಗಳ ತಲೆ. ಶರಾವತಿ ಹಿನ್ನೀರಿನ ದ್ವೀಪಗಳೂ ಅಷ್ಟೇ. ಅಲ್ಲಿ ಮುಳುಗಿಸಿದ್ದು ಸಮುದ್ರ, ಇಲ್ಲಿ ಅಣೆಕಟ್ಟು.

4/9
ಮೊದಲ ದಿನ ಮಧ್ಯಾಹ್ನ ಮೂರೂವರೆ ಹೊತ್ತಿಗೆ ನಮ್ಮನ್ನ ವುಂಗ್ ವಿಯೆಂಗ್ ಅನ್ನೋ ಕಡೆ ಇಳಿಸಿದ್ರು. ಪ್ಯಾಕೇಜ್ ಹಾಳೆಯಲ್ಲಿ "ತೇಲುವ ಹಳ್ಳಿ" ಅಂತ ಇತ್ತು. ಬೆಟ್ಟಗಳ ಮಧ್ಯೆ ನಿಂತ ನೀರು, ಅದರ ಮೇಲೆ ನಾಲ್ಕಾರು ತೇಲುವ ಮನೆ, ಮೀನು ಸಾಕೋ ಬಲೆ, ಮುತ್ತಿನ ಅಂಗಡಿ. ಒಂದು ದೋಣಿಗೆ ನಾಲ್ಕು ಜನರಂತೆ ಕೂರಿಸಿದ್ರು. ನಮ್ಮ ದೋಣಿಗೆ ಹುಟ್ಟು ಹಾಕಿದ್ದು ಒಬ್ಬ ಹೆಂಗಸು, ಅಮ್ಮನ ವಯಸ್ಸೇ ಇರಬೇಕು.

ಫೋಟೋಗೆ ಚೆನ್ನಾಗಿ ಬರಲ್ಲ ಅಂತ ನಾನು ಲೈಫ್ ಜಾಕೆಟ್ ಬಿಚ್ಚಿ ಕಾಲ ಹತ್ರ ಇಟ್ಟೆ. ಆಯಮ್ಮ ಬೈಲಿಲ್ಲ. ಹುಟ್ಟು ಹಾಕೋದು ನಿಲ್ಲಿಸಿ ಸುಮ್ಮನೆ ಕೂತರು. ದೋಣಿ ನೀರಿನ ಮಧ್ಯೆ ನಿಂತೇಬಿಡ್ತು. ಮುಂದಿನ ದೋಣಿ ದೂರ ಹೋಯ್ತು. ಮಾವ "ಹಾಕ್ಕೊಳ್ಳೇ ಮಾರಾಯ್ತಿ" ಅಂದ್ರು. ಹಾಕ್ಕೊಂಡೆ. ದೋಣಿ ಹೊರಟಿತು.

ಹಳ್ಳಿಯಲ್ಲಿ ಮಕ್ಕಳ ಗಲಾಟೆ ಇಲ್ಲ, ಒಲೆಯ ಹೊಗೆ ಇಲ್ಲ, ಒಣಗಿಸಿದ ಬಟ್ಟೆ ಇಲ್ಲ. ಜನ ಎಲ್ಲಿ ಅಂತ ಗೈಡ್‌ನ ಕೇಳಿದೆ. ಅವನು ಮಾಮೂಲಿ ಮಾತಿನ ಹಾಗೆ ಹೇಳಿದ: 2014ರಲ್ಲಿ ಸರ್ಕಾರ ಇಂಥ ತೇಲುವ ಹಳ್ಳಿಗಳ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನ ದಡಕ್ಕೆ, ಹಾ ಫಾಂಗ್ ಅನ್ನೋ ಕಡೆಗೆ ಸ್ಥಳಾಂತರ ಮಾಡ್ತು. ಈಗ ಕೆಲವರು ಇಲ್ಲಿಗೆ ಕೆಲಸಕ್ಕೆ ಬರ್ತಾರೆ. ಮೀನಿನ ಬಲೆ ಕಾಯೋರು ಉಳೀತಾರೆ.

"ಈಯಮ್ಮ?" ಅಂದೆ.

"ಇಲ್ಲೇ ಹುಟ್ಟಿದ್ದು," ಅಂದ.

5/9
ಅಮ್ಮಂಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದ್ರೆ ಸ್ಥಳಾಂತರ ಅನ್ನೋದನ್ನ ಮಾವ ಕನ್ನಡದಲ್ಲಿ ಹೇಳಿದ ಕೂಡಲೇ ಅಮ್ಮ ನೆಟ್ಟಗೆ ಕೂತ್ರು. ಅವರು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ?

"ಹಕ್ಕುಪತ್ರ ಕೊಟ್ಟಿದಾರಂತಾ ಕೇಳು."

ಗೈಡ್‌ಗೆ ಅರ್ಥ ಆಗಲಿಲ್ಲ. ಮನೆ ಕಾಗದ, ಜಾಗ ಅವರ ಹೆಸರಿಗೆ ಆಗಿದೆಯಾ ಅಂತ ನಾನು ಸುತ್ತಿ ಬಳಸಿ ಕೇಳಿದೆ. ಅವನು ಆಯಮ್ಮನ್ನ ಕೇಳಿದ. ಆಯಮ್ಮ ಹುಟ್ಟು ಹಾಕ್ತಾನೇ ಅಮ್ಮನ ಮುಖ ನೋಡಿದ್ರು. ಈ ಥರ ಪ್ರಶ್ನೆ ಯಾವ ಟೂರಿಸ್ಟೂ ಕೇಳಿರಲಿಕ್ಕಿಲ್ಲ.

ಅವರು ಹೇಳಿದ್ದು, ಗೈಡ್ ಮೂಲಕ ನಮಗೆ ತಲುಪಿದಷ್ಟು: ಮನೆ ಕೊಟ್ಟಿದಾರೆ, ಗಟ್ಟಿ ಮನೆ. ಗಾಳಿ ಎದ್ದ ರಾತ್ರಿ ಈಗ ನಿದ್ದೆ ಬರುತ್ತೆ. ಮಗಳು ದಿನಾ ಶಾಲೆಗೆ ಹೋದಳು, ನಾನು ಹೋಗಿರಲಿಲ್ಲ. ಆದ್ರೆ ಮೊದಲು ಮನೆ ಬಾಗಿಲಲ್ಲೇ ಬಲೆ ಬಿಡ್ತಿದ್ವಿ. ಈಗ ಮೀನಿಗೂ ದುಡ್ಡು, ನೀರಿಗೂ ದುಡ್ಡು, ಇಲ್ಲಿಗೆ ಬರೋಕೆ ಡೀಸೆಲ್‌ಗೂ ದುಡ್ಡು.

ಅಮ್ಮ ತಲೆ ಆಡಿಸಿದ್ರು. ಇಳಿಯೋವಾಗ ಪರ್ಸಿಂದ ದುಡ್ಡು ತೆಗೆದು ಎರಡೂ ಕೈಯಲ್ಲಿ ಕೊಟ್ರು. ಬ್ಯಾಗಲ್ಲಿದ್ದ ಚಟ್ನಿಪುಡಿ ಪೊಟ್ಟಣವನ್ನೂ ಕೊಟ್ರು! ಅದನ್ನ ಹೇಗೆ ತಿನ್ನೋದು ಅಂತ ಕೈಸನ್ನೆಯಲ್ಲೇ ಹೇಳಿಕೊಟ್ರು.

ಅದೇ ರಾತ್ರಿ ಊಟ ಆದ್ಮೇಲೆ ನಾನು ರೂಮಲ್ಲಿ ಕೂತು ಬರೆದ ಸಾಲೇ "ಮನುಷ್ಯರ ಸುಳಿವೇ ಇಲ್ಲದ ಸ್ವರ್ಗ." ಊರಿಗೆ ಬಂದ್ಮೇಲೆ ಅದನ್ನೇ ಪೋಸ್ಟ್ ಮಾಡಿದೆ.

6/9
ಈಗ ಅಜ್ಜಿ ವಿಷಯ.

ನಮ್ಮ ಅಜ್ಜಿ, ಅಮ್ಮನ ಅಮ್ಮ, ಮುಳುಗಡೆಯವರು. ಸಾಗರ, ಹೊಸನಗರ ಕಡೆಯವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ: 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆಯ್ತು. ಆ ನೀರಿಂದ ಬರೋ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಹಿನ್ನೀರಲ್ಲಿ ಊರು, ಗದ್ದೆ, ತೋಟ ಎಲ್ಲ ಮುಳುಗಿದವು. ಅಜ್ಜಿಗೆ ಆಗ ಹನ್ನೊಂದೋ ಹನ್ನೆರಡೋ ವರ್ಷ. ಪಾತ್ರೆ, ಭತ್ತದ ಮೂಟೆ, ದನಗಳ ಜೊತೆ ಲಾರಿಯಲ್ಲಿ ತಂದು ಕಾಡಲ್ಲಿ ಇಳಿಸಿದ್ರಂತೆ. ನಾಡಿಗೆಲ್ಲ ಬೆಳಕು ಕೊಟ್ಟವರ ಆ ಮನೆಗೆ ಕರೆಂಟ್ ಬಂದಿದ್ದು ಅಮ್ಮ ಹೈಸ್ಕೂಲಿಗೆ ಹೋಗೋವಾಗ. ಮುಳುಗಡೆಯ ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೀತಿವೆ. ನಮ್ಮ ಮನೆ ಫೈಲೂ ಅದ್ರಲ್ಲಿ ಒಂದು. ಅಮ್ಮನ ಪ್ರಶ್ನೆ ಬಂದಿದ್ದು ಅಲ್ಲಿಂದ.

ವಿಯೆಟ್ನಾಂನಿಂದ ಬಂದ್ಮೇಲೆ ಅಜ್ಜಿಗೆ ಫೋಟೋ ತೋರಿಸ್ತಿದ್ದೆ. "ಎಷ್ಟು ದ್ವೀಪ ನೋಡು ಅಜ್ಜಿ" ಅಂದೆ. ಹಂಗೇ ಪಕ್ಕದ ಫೋಟೋಗೆ ಹೋದೆ, ಅದು ಸಿಗಂದೂರು ಸೇತುವೆಯಿಂದ ತೆಗೆದ ನಮ್ಮ ಹಿನ್ನೀರಿನ ಫೋಟೋ. "ಇಲ್ಲೂ ದ್ವೀಪ ಇದೆ" ಅಂದೆ. ಅಜ್ಜಿ ಫೋನನ್ನ ಕಣ್ಣಿಗೆ ಹತ್ತಿರ ಹಿಡಿದು ನೋಡಿದ್ರು.

"ಅದು ದ್ವೀಪ ಅಲ್ಲ ಮಗ. ನಾವು ದನ ಹೊಡ್ಕೊಂಡು ಹೋಗ್ತಿದ್ದ ಗುಡ್ಡ."

ಆಮೇಲೆ ನನ್ನ ಪೋಸ್ಟ್ ನಾನೇ ಓದಿದೆ.

7/9
ಕಾಮೆಂಟಲ್ಲಿ ಏನು ಬರುತ್ತೆ ಅಂತ ಗೊತ್ತು. "ಹಾಗಾದ್ರೆ ಅವರು ನೀರಲ್ಲೇ ಸಾಯಬೇಕಿತ್ತಾ?" ಅಂತ.

ನ್ಯಾಯವಾದ ಪ್ರಶ್ನೆ. ಸ್ಥಳಾಂತರಕ್ಕೆ ಕಾರಣ ಇತ್ತು. ಬಿರುಗಾಳಿ, ಮಕ್ಕಳ ಓದು, ನೀರಿಗೆ ಸೇರೋ ಕಸ. 2024ರ ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತ ಬಂದಾಗ ಹಾ ಲಾಂಗ್‌ನಲ್ಲಿ ನಿಲ್ಲಿಸಿದ್ದ ಎಷ್ಟೋ ದೋಣಿಗಳೇ ಮುಳುಗಿದವು, ಮೀನು ಸಾಕಣೆ ಬಲೆಗಳು ಚೂರಾದವು. ಆ ದಿನ ಹಳ್ಳಿ ಪೂರ್ತಿ ನೀರ ಮೇಲಿದ್ದಿದ್ರೆ? ಆಯಮ್ಮನೇ ಹೇಳಿದ್ರಲ್ಲ, ಈಗ ನಿದ್ದೆ ಬರುತ್ತೆ ಅಂತ.

ಹಾಗಾಗಿ ಸ್ಥಳಾಂತರ ಮಾಡಿದ್ದೇ ತಪ್ಪು ಅಂತ ಅಲ್ಲಿ ಒಂದು ರಾತ್ರಿ ಇದ್ದು ಬಂದ ನಾನು ಹೇಳಲ್ಲ. ಆದ್ರೆ ಒಂದು ವಿಷಯ ಯೋಚನೆ ಮಾಡಿ. 2012ರಲ್ಲಿ ಅಲ್ಲಿನ ಆಡಳಿತ ಪ್ರವಾಸಿ ದೋಣಿಗಳೆಲ್ಲ ಬಿಳಿ ಬಣ್ಣ ಬಳ್ಕೋಬೇಕು ಅಂತ ಆದೇಶ ಮಾಡ್ತು. ಮರದ ಬಣ್ಣದ ಹಳೇ ದೋಣಿಗಳು ಒಂದೇ ಥರ ಬೆಳ್ಳಗಾದವು. ಎರಡು ವರ್ಷಕ್ಕೆ ಹಳ್ಳಿಗಳು ಖಾಲಿ ಆದವು. ಎರಡಕ್ಕೂ ಬೇರೆ ಬೇರೆ ಕಾರಣ ಇರಬಹುದು. ಆದ್ರೆ ನಮ್ಮ ಫೋಟೋದಲ್ಲಿ ಎರಡೂ ಸೇರಿ ಒಂದೇ ಚಿತ್ರ ಆಗಿವೆ: ಬಿಳಿ ದೋಣಿ, ಹಸಿರು ನೀರು, ಜನ ಇಲ್ಲ. ಅದನ್ನ ನೋಡಿ ನಾವು "ಪ್ರಕೃತಿ" ಅಂತೀವಿ.

ಕಾಸ್ಟ್ ಅಕೌಂಟಿಂಗ್‌ನಲ್ಲಿ ಕಲಿಸ್ತಾರೆ, ಯಾವ ಖರ್ಚನ್ನ ಯಾರ ತಲೆಗೆ ಹಾಕ್ತೀವಿ ಅನ್ನೋದು ಮುಖ್ಯ ಅಂತ. ಈ ಶಾಂತಿಗೆ ನಾನು ಕೊಟ್ಟಿದ್ದು ಅಮ್ಮನ ಚೀಟಿ ದುಡ್ಡು. ಆಯಮ್ಮ ಕೊಟ್ಟಿದ್ದು ಹುಟ್ಟಿದ ಮನೆ. ನನ್ನ ಬಿಲ್ಲಲ್ಲಿ ಅದು ಎಲ್ಲೂ ಇರಲಿಲ್ಲ. ಕನಿಷ್ಠ ಕ್ಯಾಪ್ಶನ್‌ನಲ್ಲಾದ್ರೂ ಇರಬೇಕಿತ್ತು.

8/9
ಹೋಗೋರಿಗೆ ಮೂರು ಮಾತು.

ಒಂದು, ಹುಟ್ಟು ಹಾಕೋ ದೋಣಿ ಇರೋ ಪ್ಯಾಕೇಜ್ ತಗೊಳ್ಳಿ. ಅಲ್ಲಿ ಕೂತಾಗ ಫೋನ್ ಹತ್ತು ನಿಮಿಷ ಒಳಗಿಡಿ. ಗೈಡ್ ಮೂಲಕ ಒಂದು ಮಾತಾದ್ರೂ ಆಡಿಸಿ. ಅವರ ಫೋಟೋ ಬೇಕಿದ್ರೆ ಕೇಳಿ ತೆಗೀರಿ. ಟಿಪ್ಸ್ ಅವರ ಕೈಗೇ ಕೊಡಿ.

ಎರಡು, ಹವಾಮಾನ ನೋಡಿ ಕ್ರೂಸ್ ರದ್ದು ಮಾಡಿದ್ರೆ ಜಗಳ ಆಡಬೇಡಿ. 2011ರ ಫೆಬ್ರವರಿಯಲ್ಲಿ ರಾತ್ರಿ ತಂಗಿದ್ದ ಒಂದು ಪ್ರವಾಸಿ ದೋಣಿ ಮುಳುಗಿ 12 ಜನ ಸತ್ತರು, ಮಲಗಿದ್ದಲ್ಲೇ. 2025ರ ಜುಲೈ 19ರಂದು ದಿಢೀರ್ ಬಿರುಗಾಳಿಗೆ ಇನ್ನೊಂದು ದೋಣಿ ಮಗುಚಿ 35ಕ್ಕೂ ಹೆಚ್ಚು ಜನ ಹೋದರು, ಅದ್ರಲ್ಲಿ ಮಕ್ಕಳೂ ಇದ್ರು. ಬಂದರಲ್ಲಿ ನಾನು ಕಣ್ಣಾರೆ ನೋಡಿದೆ, ಅರ್ಧ ಗಂಟೆ ತಡ ಆಗಿದ್ದಕ್ಕೆ ಒಬ್ಬರು ಸಿಬ್ಬಂದಿ ಮೇಲೆ ಕೂಗಾಡ್ತಿದ್ರು. ಲೈಫ್ ಜಾಕೆಟ್ ಬಿಚ್ಚಿದ ನಾನು ಅವರಿಗೆ ಬುದ್ಧಿ ಹೇಳೋ ಹಾಗಿಲ್ಲ ಬಿಡಿ. ಹುಟ್ಟು ನಿಲ್ಲಿಸಿ ಕೂತ ಆಯಮ್ಮನಿಗೆ ಆ ನೀರು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಮೂರು, "ಯಾರೂ ಇಲ್ಲದ ಜಾಗ" ಅಂತ ಬರೆಯೋ ಮುಂಚೆ "ಇಲ್ಲಿ ಮೊದಲು ಯಾರಿದ್ರು?" ಅಂತ ಒಬ್ಬರನ್ನ ಕೇಳಿ. ಉತ್ತರ ಸಿಕ್ಕಿದ್ರೆ ಒಂದು ಸಾಲು ಬರೀರಿ. ನಿಮ್ಮ ಲೈಕ್ಸ್ ಏನೂ ಕಮ್ಮಿ ಆಗಲ್ಲ.

9/9
ಇದು ಬರೀ ವಿಯೆಟ್ನಾಂ ಮಾತಲ್ಲ. ಹೋದ ಜುಲೈಯಲ್ಲಿ ಸಿಗಂದೂರು ಸೇತುವೆ ಆದ್ಮೇಲೆ ನಮ್ಮ ಹಿನ್ನೀರಿನ ರೀಲ್ಸ್ ಎಷ್ಟು ಬರ್ತಿವೆ ನೋಡಿ. ಹೊನ್ನೇಮರಡುಗೆ ಕಯಾಕ್‌ಗೆ ಬರೋರು, ಸೇತುವೆ ಮೇಲೆ ಡ್ರೋನ್ ಹಾರಿಸೋರು. ಬರಲಿ, ಸಂತೋಷ. ಸೇತುವೆ ನಮಗೆ ಬೇಕಿತ್ತು. ಲಾಂಚ್‌ಗೆ ಕಾದು ಕಾದು ಆಸ್ಪತ್ರೆಗೆ ತಡ ಆದವರ ಕಥೆ ಹಿನ್ನೀರಿನ ಆಚೆ ಮನೆಮನೆಯಲ್ಲೂ ಇದೆ. ಆದ್ರೆ ಆ ರೀಲ್ಸ್‌ಗಳಲ್ಲಿ "ಕರ್ನಾಟಕದ ಹಾ ಲಾಂಗ್ ಬೇ" ಅಂತ ಬರೆದಿದ್ದನ್ನ ನಾನೇ ನೋಡಿದೀನಿ. ಮುಳುಗಿದ ಒಂದು ಊರಿನ ಹೆಸರೂ ಅಲ್ಲಿರಲಿಲ್ಲ.

ಹೋದ ಭಾನುವಾರ ಅಜ್ಜಿ ಹತ್ರ ಕೂತು ಅವರಿಗೆ ನೆನಪಿರೋ ಊರು, ಕೇರಿ, ಗುಡ್ಡ, ಹಳ್ಳಗಳ ಹೆಸರೆಲ್ಲ ಬರ್ಕೊಂಡೆ. ಲೆಡ್ಜರ್ ಬುಕ್ಕಲ್ಲೇ ಬರೆದೆ, ಕೈಗೆ ಅದೇ ಸಿಕ್ಕಿದ್ದು. ಇಲ್ಲೀವರೆಗೆ 41 ಹೆಸರು ಆಗಿದೆ. ಕೆಲವಕ್ಕೆ ಅಜ್ಜಿಗೇ ಅನುಮಾನ, "ನಾಳೆ ಹೇಳ್ತೀನಿ ತಡಿ" ಅಂತಾರೆ.

ನಿಮ್ಮ ಮನೆಯಲ್ಲೂ ಮುಳುಗಡೆಯ ಹಿರಿಯರಿದ್ರೆ, ಶರಾವತಿಯೇ ಆಗಬೇಕಿಲ್ಲ, ಯಾವ ನದಿ ಆದ್ರೂ ಸರಿ, ಅವರ ಊರಿನ ಹೆಸರನ್ನ ಕೆಳಗೆ ಕಾಮೆಂಟಲ್ಲಿ ಬರೀರಿ. ಕಥೆ ಬೇಡ, ಹೆಸರು ಸಾಕು. ಮುಂದಿನ ಸರಣಿ ಅದರದ್ದೇ.

ಹಾ ಲಾಂಗ್ ಫೋಟೋ ತೆಗೆದಿಲ್ಲ, ಅಲ್ಲೇ ಇದೆ. ಹೊಸ ಕ್ಯಾಪ್ಶನ್ ಹಾಕಿದೀನಿ: "ವುಂಗ್ ವಿಯೆಂಗ್. 2014ರವರೆಗೆ ಇಲ್ಲಿ ಜನರಿದ್ದರು."

#ಹಾಲಾಂಗ್‌ಬೇ #ಮುಳುಗಡೆ #ಶರಾವತಿಹಿನ್ನೀರು #ಕನ್ನಡದಲ್ಲಿಪ್ರವಾಸ