ಸಹಕಾರ ಬೇಕಾದರೆ ಅಧಿಕಾರ ಕೊಡಿ

ದೇಶಕ್ಕೊಂದು ಅಭಿವೃದ್ಧಿ ಯೋಜನೆ ಹೊರಟಾಗಲೆಲ್ಲ ಅದರ ಮುಂದೆ ಒಂದು ಡಂಗುರ ಹೊರಡುತ್ತದೆ. ಇದು ಜನತೆಯ ಯೋಜನೆ, ಜನತೆ ಇದರಲ್ಲಿ ಪಾಲುಗೊಳ್ಳಬೇಕು, ಸರ್ಕಾರವೂ ಜನರೂ ಹೆಗಲಿಗೆ ಹೆಗಲು ಕೊಟ್ಟು ದುಡಿಯಬೇಕು ಎಂದು ಸಾರಲಾಗುತ್ತದೆ. 1952ರಲ್ಲಿ ಇದನ್ನು 'ಜನತೆಯ ಸಹಕಾರ' ಎಂದರು. ಈಚೆಗೆ 'ಸಹಭಾಗಿತ್ವ' ಎನ್ನುತ್ತಾರೆ. ಹೆಸರು ಏನೇ ಇರಲಿ, ಗಿರಣಿಯಲ್ಲಿ ದುಡಿಯುವವನೂ ಪೇಟೆಯಲ್ಲಿ ಅಂಗಡಿ ಇಟ್ಟವನೂ ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಪಾಲು ಯಾವುದರಲ್ಲಿ? ಬರಿಯ ದುಡಿಮೆಯಲ್ಲಿಯೋ, ತೀರ್ಮಾನದಲ್ಲಿಯೂ ಉಂಟೋ? ತೆರಿಗೆ ಕೊಡುವುದರಲ್ಲಿ ಮಾತ್ರವೋ, ಲೆಕ್ಕ ಕೇಳುವುದರಲ್ಲಿಯೂ ಉಂಟೋ?

ಸಮಾಜವಾದಿಗಳು ಯೋಜನೆಯ ವೈರಿಗಳಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೇಶದ ಸಂಪತ್ತನ್ನು ಲಾಭಕೋರರ ಇಚ್ಛೆಗೆ ಬಿಡದೆ ಎಲ್ಲರ ಅಗತ್ಯಗಳನ್ನು ಲೆಕ್ಕ ಹಾಕಿ ಬಳಸಬೇಕೆಂಬುದು ನಮ್ಮ ಪಕ್ಷದ ಹಳೆಯ ವಾದ. ಭದ್ರೆಯ ನೀರು ದಾವಣಗೆರೆ ಸೀಮೆಯ ಗದ್ದೆಗಳಿಗೆ ಹರಿದದ್ದು ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿಯೇ. ಆ ನೀರಿನಿಂದ ಬೆಳೆದ ಬತ್ತ ಅಕ್ಕಿಗಿರಣಿಗಳಿಗೆ ಕೆಲಸ ಕೊಟ್ಟಿತು, ಪೇಟೆಗೆ ವ್ಯಾಪಾರ ಕೊಟ್ಟಿತು. ಇದನ್ನು ಅಲ್ಲಗಳೆಯುವವನು ಕೃತಘ್ನ. ನಮ್ಮ ತಕರಾರು ಯೋಜನೆ ಇರುವುದರ ಬಗ್ಗೆ ಅಲ್ಲ. ಅದನ್ನು ಯಾರು ಮಾಡುತ್ತಾರೆ, ಹಣದ ಚೀಲ ಯಾರ ಕೈಯಲ್ಲಿದೆ ಎಂಬುದರ ಬಗ್ಗೆ.

ಹಿಂದಿನ ಅನುಭವವನ್ನು ನೋಡೋಣ. ಯೋಜನಾ ಆಯೋಗ 1950ರ ಮಾರ್ಚ್ 15ರಂದು ಹುಟ್ಟಿದ್ದು ಸಂಪುಟದ ಒಂದು ನಿರ್ಣಯದಿಂದ, ಸಂಸತ್ತಿನ ಶಾಸನದಿಂದಲ್ಲ. 1952ರ ಗಾಂಧೀ ಜಯಂತಿಯ ದಿನ 55 ಸಮುದಾಯ ಅಭಿವೃದ್ಧಿ ಪ್ರಾಜೆಕ್ಟುಗಳು ಆರಂಭವಾದವು. ಒಂದೊಂದು ಪ್ರಾಜೆಕ್ಟಿಗೆ ಸುಮಾರು 300 ಹಳ್ಳಿಗಳು. ಹಳ್ಳಿಯವರು ಶ್ರಮದಾನ ಮಾಡಬೇಕು, ಮಣ್ಣು ಹೊರಬೇಕು, ರಸ್ತೆ ಹಾಕಬೇಕು. ಆದರೆ ರಸ್ತೆ ಎಲ್ಲಿಂದ ಎಲ್ಲಿಗೆ, ಬಾವಿ ಯಾವ ಕೇರಿಗೆ ಎಂಬುದನ್ನು ನಿಶ್ಚಯಿಸುವವರು ಅಧಿಕಾರಿಗಳು. ಐದು ವರ್ಷ ಕಳೆಯುವುದರೊಳಗೆ ಸರ್ಕಾರಕ್ಕೇ ಅನುಮಾನ ಬಂದು, 1957ರಲ್ಲಿ ಬಲವಂತರಾಯ್ ಮೆಹತಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಬೇಕಾಯಿತು. ಜನರಲ್ಲಿ ಸ್ವಪ್ರೇರಣೆಯನ್ನು ಹುಟ್ಟಿಸುವುದರಲ್ಲಿ ಕಾರ್ಯಕ್ರಮ ಸೋತಿದೆ, ಚುನಾಯಿತ ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರವನ್ನೂ ಹಣವನ್ನೂ ಒಪ್ಪಿಸದೆ ಗತ್ಯಂತರವಿಲ್ಲ ಎಂಬುದು ಆ ಸಮಿತಿಯ ವರದಿಯ ಸಾರ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿತ್ತೆ? ತನ್ನ ಮಾತಿಗೆ ಬೆಲೆಯಿಲ್ಲದ ಕಡೆ ಬೆವರು ಸುರಿಸಲು ಯಾವನಿಗೆ ಉತ್ಸಾಹ ಬರುತ್ತದೆ?

ಡಾ. ಲೋಹಿಯಾ ಅವರು ಈ ಮಾತನ್ನು ಇನ್ನೂ ಖಂಡಿತವಾಗಿ ಹೇಳಿದ್ದರು. ಅವರು ಬಯಸಿದ ರಾಜ್ಯಕ್ಕೆ ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳು. ಸರ್ಕಾರದ ಮತ್ತು ಯೋಜನೆಯ ವೆಚ್ಚದಲ್ಲಿ ನಾಲ್ಕರಲ್ಲಿ ಒಂದು ಪಾಲು ಗ್ರಾಮ, ಜಿಲ್ಲೆ, ನಗರಗಳ ಪಂಚಾಯಿತಿಗಳ ಮೂಲಕವೇ ಆಗಬೇಕೆಂದೂ ಕಲೆಕ್ಟರರ ಹುದ್ದೆಯೇ ಹೋಗಬೇಕೆಂದೂ ಅವರು ಕೇಳಿದರು. ಆಗ ಇದನ್ನು ಹುಚ್ಚು ಮಾತೆಂದು ನಕ್ಕವರೇ ಹೆಚ್ಚು.

ನಕ್ಕವರಿಗೆ ಉತ್ತರ ಕೊಟ್ಟದ್ದು ನಮ್ಮ ಕರ್ನಾಟಕವೇ. 1983ರ ಶಾಸನದಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆಯಿತು. ಅದನ್ನು ಮುಂದೆ ನಿಂತು ಜಾರಿಗೆ ತಂದವರು ಅಬ್ದುಲ್ ನಜೀರ್ ಸಾಬ್ ಅವರು. ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯ ಸಚಿವನ ದರ್ಜೆ ದೊರೆಯಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯಾದ. ಸ್ತ್ರೀಯರಿಗೆ ನಾಲ್ಕರಲ್ಲಿ ಒಂದು ಸ್ಥಾನ ಮೀಸಲಾಯಿತು. ಶಾಲೆಗೆ ಮೇಷ್ಟರು ಬಾರದಿದ್ದರೆ, ಆಸ್ಪತ್ರೆಯಲ್ಲಿ ಔಷಧ ಇಲ್ಲದಿದ್ದರೆ ಬೆಂಗಳೂರಿಗೆ ಅರ್ಜಿ ಹಾಕದೆ ಜಿಲ್ಲೆಯಲ್ಲಿಯೇ ಕೇಳಬಹುದಾದ ಒಂದು ಬಾಗಿಲು ತೆರೆಯಿತು. ಆ ಸಂಸ್ಥೆಗಳ ಅವಧಿ 1992ರಲ್ಲಿ ಮುಗಿದಾಗ ಮತ್ತೆ ಚುನಾವಣೆ ಬರಲಿಲ್ಲ; ಆಡಳಿತಾಧಿಕಾರಿಗಳು ಬಂದರು. ಜನರಿಗೆ ಆಳಲು ಬಾರದೆಂಬ ಕಾರಣಕ್ಕೆ ಬಾಗಿಲು ಮುಚ್ಚಲಿಲ್ಲ. ಬೆಂಗಳೂರಿನಲ್ಲಿ ಕುಳಿತವರಿಗೆ ಅಧಿಕಾರ ಹಂಚಿಕೊಳ್ಳುವುದು ಸಹಿಸಲಿಲ್ಲ, ಅಷ್ಟೆ.

ಇನ್ನು ನಮ್ಮ ಊರಿನ ಸಂಗತಿಗೆ ಬರೋಣ. 2015ರ ಜೂನ್ 25ರಂದು ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಯೋಜನೆಯನ್ನು ಪ್ರಾರಂಭಿಸಿತು. 2016ರ ಜನವರಿಯಲ್ಲಿ ಪ್ರಕಟವಾದ ಮೊದಲ 20 ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಳಗಾವಿಯೂ ದಾವಣಗೆರೆಯೂ ಇದ್ದವು. ಒಂದು ನಗರಕ್ಕೆ ಐದು ವರ್ಷಗಳಲ್ಲಿ ಕೇಂದ್ರದಿಂದ 500 ಕೋಟಿ ರೂಪಾಯಿ, ರಾಜ್ಯ ಮತ್ತು ಪಾಲಿಕೆಯಿಂದ ಅಷ್ಟೇ ಮೊತ್ತ ಎಂಬುದು ಲೆಕ್ಕ. ಪ್ರಸ್ತಾವ ತಯಾರಾಗುವಾಗ ನಾಗರಿಕರ ಅಭಿಪ್ರಾಯ ಸಂಗ್ರಹಿಸಬೇಕೆಂಬುದು ಕಡ್ಡಾಯವಾಗಿತ್ತು. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಹಣ ಹೋದದ್ದು ಎಲ್ಲಿಗೆ? ನಾವು ಮತ ಹಾಕಿ ಆರಿಸುವ ಪಾಲಿಕೆಗಲ್ಲ. ಕಂಪನಿ ಕಾಯಿದೆಯ ಕೆಳಗೆ ರಚಿಸಿದ, ರಾಜ್ಯಕ್ಕೂ ಪಾಲಿಕೆಗೂ ಅರ್ಧರ್ಧ ಷೇರುಗಳಿರುವ ಒಂದು ಕಂಪನಿಗೆ. ಯೋಜನೆಗೆ ಸಂಬಂಧಿಸಿದಂತೆ ಪಾಲಿಕೆಯ ಹಕ್ಕು ಬಾಧ್ಯತೆಗಳನ್ನೇ ಈ ಕಂಪನಿಗೆ ವಹಿಸಿಕೊಡಬಹುದೆಂದು ಕೇಂದ್ರದ ಮಾರ್ಗಸೂಚಿ ಪ್ರೋತ್ಸಾಹಿಸಿತು. 2025ರ ಮಾರ್ಚ್ 31ಕ್ಕೆ ಯೋಜನೆಯ ಅವಧಿ ಮುಗಿಯಿತು.

ಇದರ ಅರ್ಥವನ್ನು ಪೇಟೆಯ ಭಾಷೆಯಲ್ಲಿ ಹೇಳಬಹುದು. ಅಂಗಡಿ ಹಾಕುವಾಗ ಎಲ್ಲರನ್ನೂ ಕರೆದು ಪಾಲುದಾರರೆಂದು ಕುಂಕುಮ ಇಟ್ಟರು. ಗಲ್ಲಾಪೆಟ್ಟಿಗೆಯ ಬೀಗದ ಕೈ ಮಾತ್ರ ಬೇರೆಯವರ ಸೊಂಟಕ್ಕೆ ಸಿಕ್ಕಿಸಿದರು. ರಸ್ತೆ ಅಗೆದಾಗ ವ್ಯಾಪಾರ ಕೆಡುವುದು ಚಿಲ್ಲರೆ ಅಂಗಡಿಯವನಿಗೆ. ಅಗೆದ ರಸ್ತೆ ಎಂದು ಮುಚ್ಚುತ್ತದೆ ಎಂದು ಅವನು ತನ್ನ ವಾರ್ಡಿನ ಸದಸ್ಯನನ್ನು ಕೇಳಿದರೆ, ಅದು ಕಂಪನಿಯ ಕೆಲಸ ಎಂಬ ಉತ್ತರಕ್ಕೆ ಕಾನೂನೇ ಎಡೆಮಾಡಿ ಕೊಟ್ಟಿದೆ. ಕಂಪನಿಯನ್ನು ಮುಂದಿನ ಚುನಾವಣೆಯಲ್ಲಿ ಸೋಲಿಸುವಂತಿಲ್ಲ. ಯಾರನ್ನು ಸೋಲಿಸಲು ಸಾಧ್ಯವಿಲ್ಲವೋ ಅವರಿಂದ ಲೆಕ್ಕ ಕೇಳುವುದು ಹೇಗೆ?

ಕಾರ್ಮಿಕರ ಪಾಲಿಗಂತೂ ಸಹಭಾಗಿತ್ವದ ಕಥೆ ಇನ್ನೂ ಕಹಿಯಾದುದು. 1957ರಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಕೂಡಿದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಕನಿಷ್ಠ ವೇತನಕ್ಕೆ ಒಂದು ಅಳತೆಗೋಲು ಸಿಕ್ಕಿತು. ಇಂತಿಷ್ಟು ಆಹಾರ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಉರುವಲು ಎಂದು ಎಣಿಸಿದ ಅಳತೆಗೋಲು ಅದು. 1976ರಲ್ಲಿ ಸಂವಿಧಾನಕ್ಕೆ 43ಎ ವಿಧಿ ಸೇರಿ, ಉದ್ಯಮದ ಆಡಳಿತದಲ್ಲಿ ಕಾರ್ಮಿಕರು ಭಾಗವಹಿಸುವಂತೆ ರಾಜ್ಯವು ಕ್ರಮ ಕೈಗೊಳ್ಳತಕ್ಕದ್ದು ಎಂದಾಯಿತು. ಅದಾದ ಮೇಲೂ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಮಗ್ಗದ ಮುಂದೆ ಆಯುಷ್ಯ ಸವೆಸಿದವನಿಗೆ ಆಡಳಿತದಲ್ಲಿ ಸಿಕ್ಕ ಭಾಗವೆಂದರೆ ಮುಚ್ಚಿದ ಗೇಟಿನ ನೋಟೀಸನ್ನು ಓದುವ ಭಾಗ. ಮೂವರೂ ಕೂಡುವ ಆ ಸಮ್ಮೇಳನವಾದರೂ ಉಳಿಯಿತೆ? ಅದರ ನಲವತ್ತಾರನೆಯ ಅಧಿವೇಶನ ನಡೆದದ್ದು 2015ರ ಜುಲೈಯಲ್ಲಿ. ಅಲ್ಲಿಂದ 2024 ಮುಗಿಯುವವರೆಗೂ ಅದನ್ನು ಕರೆಯಲೇ ಇಲ್ಲ. ಅದೇ ಅವಧಿಯಲ್ಲಿ, 2019 ಮತ್ತು 2020ರಲ್ಲಿ, ನಾಲ್ಕು ಕಾರ್ಮಿಕ ಸಂಹಿತೆಗಳಿಗೆ ಸಂಸತ್ತಿನ ಒಪ್ಪಿಗೆ ಪಡೆಯಲಾಯಿತು.

ಯೋಜನೆ ಮಾಡುವುದು ತಜ್ಞರ ಕೆಲಸ, ಸಾಮಾನ್ಯರಿಗೆ ಅದು ತಿಳಿಯದು ಎಂದು ಕೆಲವರು ಹೇಳುತ್ತಾರೆ. ಸೇತುವೆಗೆ ಕಬ್ಬಿಣ ಎಷ್ಟು ಬೇಕೆಂಬುದನ್ನು ಎಂಜಿನಿಯರೇ ಹೇಳಲಿ, ನಮ್ಮ ಆಕ್ಷೇಪವಿಲ್ಲ. ಸೇತುವೆ ಮೊದಲೋ ಚರಂಡಿ ಮೊದಲೋ ಎಂಬುದನ್ನು ಚರಂಡಿಯ ಪಕ್ಕದಲ್ಲಿ ಬಾಳುವವನೇ ಹೇಳಬೇಕು. 1996ರಲ್ಲಿ ಕೇರಳ ಸರ್ಕಾರ ರಾಜ್ಯದ ಯೋಜನಾ ವೆಚ್ಚದಲ್ಲಿ ಶೇಕಡ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡಲು ನಿರ್ಧರಿಸಿತು. ಗ್ರಾಮಸಭೆಯಲ್ಲಿ ಜನ ತಮ್ಮ ಬೇಡಿಕೆಗಳನ್ನು ಇಟ್ಟರು. ಪಂಚಾಯಿತಿಗಳು ತಮ್ಮ ತಮ್ಮ ಊರಿನ ಅಭಿವೃದ್ಧಿ ವರದಿಯನ್ನು ಬರೆದವು. ನಿವೃತ್ತ ಎಂಜಿನಿಯರರೂ ಅಧ್ಯಾಪಕರೂ ಬಂದು ಅಂದಾಜುಗಳನ್ನು ಪರಿಶೀಲಿಸಿ ನೆರವಾದರು. ಅಲ್ಲಿ ದೋಷಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಹಣವನ್ನು ಮೊದಲು ಕೊಟ್ಟು ಆಮೇಲೆ ಸಹಕಾರ ಕೇಳಿದರು ಎಂಬುದು ಗಮನಿಸತಕ್ಕ ಅಂಶ.

ಹಾಗಾದರೆ ನಾವು ಕೇಳಬೇಕಾದುದೇನು? ಹೊಸ ಕಾನೂನು ಬೇಕಿಲ್ಲ. ಇರುವುದನ್ನು ನಡೆಸಿದರೆ ಸಾಕು. ಸಂವಿಧಾನದ 243ಜೆಡ್‌ಡಿ ವಿಧಿಯಂತೆ ಪ್ರತಿ ಜಿಲ್ಲೆಗೂ ಒಂದು ಯೋಜನಾ ಸಮಿತಿ ಇರತಕ್ಕದ್ದು. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಜನ ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರಿಂದ ಚುನಾಯಿತರಾಗಿರಬೇಕು. ಆದರೆ 2016ರಲ್ಲಿ ಆಯ್ಕೆಯಾದ ಕರ್ನಾಟಕದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, 2024 ಕಳೆದರೂ ಚುನಾವಣೆ ನಡೆಯಲಿಲ್ಲ. ಪಂಚಾಯಿತಿಯೇ ಇಲ್ಲದ ಮೇಲೆ ಅದರ ಚುನಾಯಿತರು ಎಲ್ಲಿಂದ ಬರಬೇಕು? ಬೇರು ಕಡಿದು ಎಲೆಗೆ ನೀರು ಚಿಮುಕಿಸುವ ಈ ಕೆಲಸವನ್ನು ಒಂದು ಪಕ್ಷದ ಮೇಲೆ ಮಾತ್ರ ಹೊರಿಸುವಂತೆಯೂ ಇಲ್ಲ. ಆ ವರ್ಷಗಳಲ್ಲಿ ಎರಡು ಪಕ್ಷಗಳ ಸರ್ಕಾರಗಳು ಬೆಂಗಳೂರಿನಲ್ಲಿ ಆಳಿವೆ.

ಆದುದರಿಂದ ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಒಂದಾಗಿ ನಾಲ್ಕು ಬೇಡಿಕೆಗಳನ್ನು ಮುಂದಿಡಬೇಕು. ಸ್ಥಳೀಯ ಸಂಸ್ಥೆಯ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು. ಯಾವ ನೆಪವೂ ಅದನ್ನು ತಡೆಯಬಾರದು. ಜಿಲ್ಲೆಯ ಯೋಜನೆಯ ಕರಡು ಕನ್ನಡದಲ್ಲಿ ಅಚ್ಚಾಗಿ, ಅಂತಿಮಗೊಳ್ಳುವ ಮುನ್ನ ವಾರ್ಡುಗಳಲ್ಲಿ, ಗ್ರಾಮಸಭೆಗಳಲ್ಲಿ ಚರ್ಚೆಯಾಗಬೇಕು. ಊರಿನ ಹಣ ಊರಿನ ಚುನಾಯಿತ ಸಂಸ್ಥೆಯ ಮೂಲಕವೇ ವೆಚ್ಚವಾಗಬೇಕು. ಕೆಲಸ ಮುಗಿದ ಮೇಲೆ ಖರ್ಚಿನ ಲೆಕ್ಕವನ್ನು ಆಯಾ ಬೀದಿಯಲ್ಲಿಯೇ ಹಲಗೆಯ ಮೇಲೆ ಬರೆದು ನಿಲ್ಲಿಸಬೇಕು.

ಈ ನಾಲ್ಕನ್ನು ಕೊಟ್ಟರೆ ಸಹಕಾರಕ್ಕಾಗಿ ಯಾವ ಮಂತ್ರಿಯೂ ಭಾಷಣ ಮಾಡಬೇಕಾಗಿಲ್ಲ. ತನ್ನ ಮನೆಯ ಸೂರನ್ನು ಹೊದಿಸಲು ಯಾರನ್ನೂ ಬೇಡಿಕೊಳ್ಳಬೇಕಾಗುವುದಿಲ್ಲ; ಮನೆ ತನ್ನದೆಂಬ ಖಾತ್ರಿ ಅವನಿಗಿರಬೇಕು. ಆ ಖಾತ್ರಿಯನ್ನು ಸರ್ಕಾರ ತಾನಾಗಿ ಕೊಡುವುದಿಲ್ಲ. ಗಿರಣಿಯ ಗೇಟಿನಲ್ಲಿಯೂ ಅಂಗಡಿಯ ಕಟ್ಟೆಯ ಮೇಲೆಯೂ ಈ ಮಾತು ಚರ್ಚೆಯಾಗಿ, ಸಂಘಗಳ ಸಭೆಗಳಲ್ಲಿ ನಿರ್ಣಯವಾಗಿ ಹೊರಬರಲಿ. ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯ ಮುಂದೆಯೂ ಆ ನಿರ್ಣಯವನ್ನು ಇಟ್ಟು, ಒಪ್ಪುವೆಯಾ ಇಲ್ಲವಾ ಎಂದು ಕೇಳೋಣ.