ಫುಲ್ ಮಾರ್ಕ್ಸ್ ಬಂದ ತಪ್ಪು ಸ್ಲೈಡ್

ನಮ್ಮ ಮಿನಿ ಪ್ರಾಜೆಕ್ಟ್ ಟೀಮಲ್ಲಿ ನಾಲ್ಕು ಜನ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಹೀಗೆ ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕಿಂದ ಒಬ್ಬೊಬ್ಬರು. ನಾನು ಹಿರೇಕೆರೂರು ಕಡೆಯವನು. ನಮ್ಮ ಕಡೆ ಕೆರೆಗಳಿವೆ, ಸಮುದ್ರ ಇಲ್ಲ. ಆದರೂ ನಾವು ತಗೊಂಡ ಟಾಪಿಕ್ ರೇಸಿಂಗ್ ಹಾಯಿದೋಣಿಯ ಸ್ಪಿನ್ನೇಕರ್ ಮತ್ತು ಜೈಬ್. ಕ್ಲಾಸಲ್ಲಿ ಎಲ್ಲರೂ ನಕ್ಕರು. ನಗೋದೇನಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ಕೆಆರ್‌ಎಸ್ ಹಿನ್ನೀರಲ್ಲೂ ಹಾಯಿದೋಣಿ ಓಡ್ತವೆ. ‘ತೃಷ್ಣಾ’ ಅನ್ನೋ ಹೆಸರಿನ ಹಾಯಿದೋಣಿಯಲ್ಲೇ ನಮ್ಮ ಸೇನೆಯ ಎಂಜಿನಿಯರುಗಳು 1985ರಿಂದ 1987ರವರೆಗೆ ಭೂಮಿ ಸುತ್ತಿ ಬಂದರು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ಕೆ. ಸಿ. ಗಣಪತಿ, ವರುಣ್ ಠಕ್ಕರ್ ಜೋಡಿಯ ರೇಸ್ ವಿಡಿಯೋ ನೋಡಿಯೇ ನಮಗೆ ಈ ಹುಚ್ಚು ಹಿಡಿದದ್ದು.

ಮೊದಲು ವಿಷಯ ಹೇಳ್ತೀನಿ. ಗಾಳಿ ಹಿಂದಿನಿಂದ ಬೀಸುವಾಗ ದೋಣಿಯ ಮುಂದೆ ಬಲೂನಿನ ಹಾಗೆ ಉಬ್ಬುತ್ತಲ್ಲ, ಬಣ್ಣದ ತೆಳು ನೈಲಾನ್ ಹಾಯಿ, ಅದೇ ಸ್ಪಿನ್ನೇಕರ್. ಅದಕ್ಕೆ ಮೂರು ಮೂಲೆ. ಮೇಲಿನ ಮೂಲೆಯನ್ನು ಹಗ್ಗದಿಂದ ಕಂಬದ ತುದಿಗೆ ಏರಿಸ್ತಾರೆ. ಕೆಳಗಿನ ಎರಡು ಮೂಲೆಗೂ ಒಂದೊಂದು ಹಗ್ಗ. ಗಾಳಿ ಬರುವ ಕಡೆಯ ಮೂಲೆಯನ್ನು ಒಂದು ಉದ್ದ ಕೋಲು ಹೊರಗೆ ಚಾಚಿ ಹಿಡಿಯುತ್ತೆ. ಅದರ ಇನ್ನೊಂದು ತುದಿ ಕಂಬಕ್ಕೆ ಸಿಕ್ಕಿಸಿರುತ್ತೆ. ದೋಣಿಯ ಹಿಂಭಾಗ ಗಾಳಿಯನ್ನು ದಾಟಿ ತಿರುಗಿದಾಗ ಗಾಳಿ ಈ ಮಗ್ಗುಲಿಂದ ಆ ಮಗ್ಗುಲಿಗೆ ಹೋಗುತ್ತೆ. ಆಗ ಆ ಕೋಲೂ ಆಚೆ ಹೋಗಬೇಕು. ಇದೇ ಜೈಬ್.

ಇದನ್ನೆಲ್ಲ ಇಂಗ್ಲಿಷಲ್ಲಿ ಹದಿನಾಲ್ಕು ಸ್ಲೈಡ್ ಮಾಡಿದೆವು. ಒಂದು ಸ್ಲೈಡಲ್ಲಿ ಹೀಗಿತ್ತು: ಜೈಬ್ ಮಾಡುವ ಮೊದಲು ದೋಣಿಯ ವೇಗ ಕಡಿಮೆ ಮಾಡಬೇಕು, ಸುರಕ್ಷತೆಗಾಗಿ. ಓದೋಕೆ ಚೆನ್ನಾಗಿತ್ತು. ಯಾರೂ ಪ್ರಶ್ನೆ ಕೇಳಲಿಲ್ಲ. ಫುಲ್ ಮಾರ್ಕ್ಸ್ ಬಂತು.

ರಜೆಗೆ ನಾಲ್ವರೂ ನಮ್ಮೂರಿಗೆ ಹೋಗಿದ್ದೆವು. ರಾತ್ರಿ ಊಟ ಆದ ಮೇಲೆ ಅಜ್ಜ ಕೇಳಿದ, ‘ಏನ್ ಓದಾಕತ್ತೀರಿ ತಮ್ಮಾ, ನನಗೂ ಒಂದೀಟು ಹೇಳ್ರಿ.’ ನಾನು ಶುರು ಮಾಡಿದೆ. ಎರಡನೇ ವಾಕ್ಯಕ್ಕೇ ನಿಂತೆ. ಯಾಕಂದ್ರೆ ಅಜ್ಜನ ಮೊದಲ ಪ್ರಶ್ನೆ: ‘ಗಾಳಿ ಬೆನ್ನಿಗಿದ್ರ ಸೀದಾ ಹೋಗೂದಲ್ಲ? ಯಾಕ ಹೊಳ್ಳಸ್ತೀರಿ?’

ಉತ್ತರ ನನಗೆ ಗೊತ್ತಿತ್ತು, ಕನ್ನಡದಲ್ಲಿ ಗೊತ್ತಿರಲಿಲ್ಲ. ಸೀದಾ ಗಾಳಿಯ ದಿಕ್ಕಲ್ಲೇ ಹೋದರೆ ದೋಣಿ ಗಾಳಿಯನ್ನು ಮೀರಲಾರದು. ವೇಗ ಹೆಚ್ಚಿದಷ್ಟೂ ಹಾಯಿಗೆ ಸಿಗುವ ಗಾಳಿ ಕಮ್ಮಿ ಆಗ್ತಾ ಹೋಗುತ್ತೆ. ಸ್ವಲ್ಪ ಓರೆಯಾಗಿ ಹೋದರೆ ಎಷ್ಟೋ ದೋಣಿಗಳಿಗೆ ವೇಗ ಜಾಸ್ತಿ. ಅದಕ್ಕೇ ಅಂಕುಡೊಂಕಾಗಿ ಓಡಿಸ್ತಾರೆ, ಪ್ರತಿ ತಿರುವಿಗೂ ಒಂದು ಜೈಬ್.

ಮಾತಲ್ಲಿ ಆಗದೆ ಅಜ್ಜನ ಧೋತರ ತಗೊಂಡು ಮಾಳಿಗೆ ಹತ್ತಿದೆವು. ಒಬ್ಬ ಮೇಲಿನ ಮೂಲೆ, ಒಬ್ಬ ಹಗ್ಗ, ನನ್ನ ಕೈಲಿ ಬಿದಿರಿನ ಕೋಲು. ಕೋಲು ತೆಗೆದ ಕೂಡಲೇ ಧೋತರ ಮುದುಡಿ ಬಿತ್ತು. ಕೋಲು ಯಾಕೆ ಬೇಕು ಅಂತ ಆಗ ಕಣ್ಣಿಗೆ ಕಂಡಿತು. ಸಣ್ಣ ದೋಣಿಯಲ್ಲಿ ಕೋಲನ್ನು ಮೊದಲು ಕಂಬದಿಂದ ಬಿಡಿಸಿ, ಆ ತುದಿಯನ್ನು ಹೊಸ ಮೂಲೆಗೆ ಸಿಕ್ಕಿಸಿ, ಆಮೇಲೆ ಹಳೆ ಮೂಲೆ ಬಿಡಿಸಿ, ಆ ತುದಿಯನ್ನು ಕಂಬಕ್ಕೆ ಹಾಕ್ತಾರೆ. ದೊಡ್ಡ ದೋಣಿಯಲ್ಲಿ ಕೋಲನ್ನು ಕಂಬದಲ್ಲೇ ಬಿಟ್ಟು, ಹೊರತುದಿಯನ್ನು ಕೆಳಗಿಳಿಸಿ, ಮುಂದಿನ ತಂತಿಯ ಕೆಳಗಿಂದ ಆಚೆಗೆ ದಾಟಿಸ್ತಾರೆ. ಗಣಪತಿ–ವರುಣ್ ಓಡಿಸಿದ ಫೋರ್ಟಿನೈನರ್‌ನಲ್ಲಿ ಈ ಕೋಲಿನ ಕಾಟವೇ ಇಲ್ಲ, ಹಾಯಿಯ ಒಂದು ಮೂಲೆ ಮೂತಿಯಿಂದ ಮುಂದೆ ಚಾಚಿದ ದಂಡಕ್ಕೇ ಕಟ್ಟಿರುತ್ತೆ. ನಾವು ಮಾಳಿಗೆ ಮೇಲೆ ಸಣ್ಣ ದೋಣಿಯ ಕ್ರಮ ಮಾಡಿದೆವು. ಅಜ್ಜ ನೋಡಿ ಅಂದ, ‘ಹೊಸಾ ಮೂಲಿ ಹಿಡಿಯೂತನಕ ಹಳೇದು ಬಿಡಬ್ಯಾಡ್ರಿ.’ ನಮ್ಮ ಸ್ಲೈಡಲ್ಲಿ ಇದೇ ಕ್ರಮ ಇತ್ತು. ಕಾರಣ ಇರಲಿಲ್ಲ.

ಆಮೇಲೆ ಆ ವೇಗದ ಸ್ಲೈಡಿಗೆ ಬಂದೆ. ‘ನಿಧಾನ ಮಾಡಿ ಹೊಳ್ಳಿಸಬೇಕು ಅಜ್ಜಾ’ ಅಂದೆ. ಅಜ್ಜ ತಲೆ ಅಲ್ಲಾಡಿಸಿದ. ‘ಸೈಕಲ್ ಮ್ಯಾಲೆ ಹೋಗೂಮುಂದ ಬೆನ್ನಿಗೆ ಗಾಳಿ ಇದ್ರ ಗಾಳಿ ಇದ್ದಂಗ ಅನಸೂದಿಲ್ಲ. ಬ್ರೇಕ್ ಹಿಡದ್ರ ಧೂಳು ಬಂದು ಹೊಡೀತೈತಿ. ನಿಮ್ಮ ಹಾಯಿಗೂ ಹಂಗ ಹೊಡೀಬೇಕಲ್ಲ?’

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಲೆಕ್ಕ ಹಾಕಿ. ಗಾಳಿ ಗಂಟೆಗೆ 30 ಕಿಲೋಮೀಟರ್, ದೋಣಿ ಅದೇ ದಿಕ್ಕಿಗೆ 12. ಹಾಯಿಗೆ ತಗಲೋದು 18 ಮಾತ್ರ. ದೋಣಿ ನಿಂತರೆ ಪೂರ್ತಿ 30. ಒತ್ತಡ ವೇಗದ ವರ್ಗಕ್ಕೆ ಹೋಗುತ್ತೆ, ಅಂದ್ರೆ ಸುಮಾರು 2.8 ಪಟ್ಟು. ಟ್ಯಾಕ್ ಮಾಡುವಾಗ, ಅಂದ್ರೆ ಮೂತಿ ಗಾಳಿ ದಾಟುವಾಗ, ಹಾಯಿ ಪಟಪಟ ಬಡ್ಕೊಂಡು ಖಾಲಿಯಾಗುತ್ತೆ. ಜೈಬಲ್ಲಿ ದೊಡ್ಡ ಹಾಯಿಯ ಅಡ್ಡದಂಡ ಗಾಳಿಯ ಬಲದಲ್ಲೇ ಒಂದೇ ಏಟಿಗೆ ಆಚೆ ಬೀಸುತ್ತೆ, ತಲೆ ಅಡ್ಡ ಇದ್ದರೆ ತಲೆಗೇ. ಅದಕ್ಕೇ ಅನುಭವಿಗಳು ದೋಣಿ ಜೋರಾಗಿ ಓಡುವಾಗ, ಅಲೆಯ ಇಳಿಜಾರಲ್ಲಿ ಜಾರುವಾಗ ಜೈಬ್ ಮಾಡ್ತಾರೆ. ನಮ್ಮ ಸ್ಲೈಡ್ ಪೂರ್ತಿ ಉಲ್ಟಾ. ಅದನ್ನು ನಂಬಿ ಯಾರಾದರೂ ನೀರಿಗಿಳಿದಿದ್ದರೆ?

ತಪ್ಪು ಮೇಷ್ಟ್ರದ್ದಲ್ಲ, ನಮ್ಮದು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಸಾಪೇಕ್ಷ ವೇಗದ ಲೆಕ್ಕ ನಾವೇ ಮಾಡಿದ್ದೆವು. ಆದರೆ ಒಳ್ಳೆ ಇಂಗ್ಲಿಷ್ ವಾಕ್ಯ ಸಿಕ್ಕ ಕೂಡಲೇ ಅದು ಅರ್ಥ ಆಗಿದೆ ಅಂದ್ಕೊಂಡ್ವಿ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ನನಗೆ ಆ ಭಾಷೇಲಿ ಗೊತ್ತಿಲ್ಲದ್ದನ್ನು ಮುಚ್ಚಿಡೋದು ಸುಲಭ. ಮನೆ ಕನ್ನಡದಲ್ಲಿ ಆಗೋದಿಲ್ಲ. ಅಲ್ಲಿ ‘ಹಂಗಂದ್ರ?’ ಅಂತ ಕೇಳೋರು ಇರ್ತಾರೆ.

‘ಟೆಕ್ನಿಕಲ್ ಪದ ಕನ್ನಡದಲ್ಲಿ ಎಲ್ಲಿವೆ?’ ಅಂತ ಕೇಳ್ತೀರಿ. ಪದ ಹಾಗೇ ಇರಲಿ ಬಿಡಿ. ಸ್ಪಿನ್ನೇಕರ್ ಸ್ಪಿನ್ನೇಕರ್ರೇ. ಅದು ಕೆಲಸ ಮಾಡೋ ರೀತಿ ಕನ್ನಡದಲ್ಲಿ ಬರಲಿ. ಜೈಬ್‌ಗೆ ಮಾತ್ರ ನಮ್ಮ ಟೀಮಲ್ಲಿ ಈಗ ‘ಹೊಳ್ಳಿಸೋದು’ ಅಂತಲೇ ಅಂತೀವಿ, ಯಾರೂ ಅನುವಾದ ಮಾಡಿದ್ದಲ್ಲ, ತಾನಾಗೇ ಬಂತು.

ಇಡೀ ಎಂಜಿನಿಯರಿಂಗ್ ಕನ್ನಡದಲ್ಲಿ ಆಗಲಿ ಅಂತ ನಾನು ಕೇಳ್ತಿಲ್ಲ. ಕನ್ನಡ ಸಂಘಕ್ಕೆ ಒಂದೇ ವಿನಂತಿ: ತಿಂಗಳಿಗೊಮ್ಮೆ ‘ಅಜ್ಜನ ವೈವಾ’ ಇಡೋಣ. ಒಂದು ಪ್ರಾಜೆಕ್ಟ್, ಐದು ನಿಮಿಷ, ಸ್ಲೈಡ್ ಇಲ್ಲ. ಎದುರಿಗೆ ಎಂಜಿನಿಯರಿಂಗ್ ಓದದವರು ಕೂರಲಿ: ಮೆಸ್ಸಿನ ಅಣ್ಣ, ಸೆಕ್ಯೂರಿಟಿ ಕಾಕಾ, ಯಾರದಾದರೂ ಅಮ್ಮ. ಅವರು ಕೇಳಿದ ಪ್ರಶ್ನೆಗೆ ಉತ್ತರ ಬರದಿದ್ದರೆ ಮಾರ್ಕ್ಸ್ ಕಳೆಯೋದು ಬೇಡ, ಹೋಗಿ ಮತ್ತೆ ಓದಿ ಬಂದರೆ ಸಾಕು.

ಮೊದಲ ಸಲ ನಮ್ಮ ಟೀಮೇ ಬರುತ್ತೆ. ಬಿದಿರಿನ ಕೋಲು ನಾವು ತರ್ತೀವಿ. ಧೋತರ ಕೊಡೋಕೆ ಅಜ್ಜ ಒಪ್ಪಿದ್ದಾನೆ, ತೊಳೆದು ವಾಪಸ್ ಕೊಡಬೇಕಂತೆ.