ಹಗ್ಗ ಒಂದು ಮೊಳ ಸಡಿಲಿಸಿ

ಮೈಸೂರಿನ ಮೃಗಾಲಯದಲ್ಲಿ ಜೀಬ್ರಾ ನೋಡಿ ಬಂದವರು, "ಅದು ಮಲಗುವುದೇ ಇಲ್ಲವೇ ಸಾರ್?" ಎಂದು ಕೇಳುವುದುಂಟು. ಅದರ ಸೀಮೆಯಾದ ಆಫ್ರಿಕದ ಹುಲ್ಲುಗಾವಲಿನಲ್ಲಿ ಸಿಂಹದ ಭಯ. ಆದ್ದರಿಂದ ಜೀಬ್ರಾ ಬಹುಪಾಲು ನಿಂತೇ ತೂಕಡಿಸುತ್ತದೆ. ಹಿಂಗಾಲಿನ ಮಂಡಿಚಿಪ್ಪು ಬಾಗಿಲಿಗೆ ಅಗುಳಿ ಹಾಕಿದಂತೆ ಸಿಕ್ಕಿಕೊಳ್ಳುವುದರಿಂದ ಕಾಲು ಕುಸಿಯದು. ಕುದುರೆ, ಕತ್ತೆಗಳದ್ದೂ ಇದೇ ಏರ್ಪಾಡು. ಆದರೂ ಗಾಢ ನಿದ್ರೆ ಬೇಕಾದರೆ ಅವೂ ನೆಲಕ್ಕೆ ಮೈ ಹಾಕಲೇಬೇಕು.

ರೈತ ಬಾಂಧವರೇ, ನಿಮ್ಮ ಹಸುವಿಗೆ ಆ ಅಗುಳಿಯೂ ಇಲ್ಲ. ಹಾಲು ಕರೆಯುವ ಹಸು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗಿರಬೇಕು. ಅಷ್ಟೂ ನಿದ್ರೆಯಲ್ಲ, ನಿಜವಾದ ನಿದ್ರೆ ಸುಮಾರು ನಾಲ್ಕು ಗಂಟೆ ಮಾತ್ರ. ಉಳಿದದ್ದು ಮೆಲುಕು, ತೂಕಡಿಕೆ. ನಾಲ್ಕು ಗಂಟೆಯಲ್ಲೂ ಕನಸು ಬೀಳುವಂತಹ ನಿದ್ರೆ ಒಂದು ಗಂಟೆಗೂ ಕಡಿಮೆ, ಅದೂ ಬಿಡಿಬಿಡಿಯಾಗಿ. ಆ ಹೊತ್ತಿನಲ್ಲಿ ಕುತ್ತಿಗೆಯ ಸ್ನಾಯು ಪೂರಾ ಸಡಿಲವಾಗುವುದರಿಂದ ಹಸು ತಲೆಯನ್ನು ತಿರುಗಿಸಿ ತನ್ನ ಪಕ್ಕೆಯ ಮೇಲೆ ಒರಗಿಸಬೇಕು. ಗೊಂತಿಗೆ ಬಿಗಿದು ಕಟ್ಟಿದ ಹಸು ಒರಗಿಸುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಒಬ್ಬ ರೈತರು ತಮ್ಮ ಸೀಮೆಹಸು ತೋರಿಸಿದರು. ಹಿಂಡಿ, ಹಸಿಹುಲ್ಲು, ನೀರು, ಯಾವುದಕ್ಕೂ ಕೊರತೆಯಿಲ್ಲ. ನೆಲ ಮಾತ್ರ ಸಿಮೆಂಟು, ಮೇಲೆಲ್ಲ ಗಂಜಲ. ಮುಂಗಾಲಿನ ಮಂಡಿ ತರಚಿ ಊದಿತ್ತು. "ಪಕ್ಕದ ಹಸುವಿನ ಮೇವಿಗೆ ಬಾಯಿ ಹಾಕ್ತದೆ, ಅದಕ್ಕೇ ಗಿಡ್ಡ ಕಟ್ಟಿದೀನಿ" ಎಂದರು. ಅವರ ಮಾತೂ ಸುಳ್ಳಲ್ಲ. ನಡುವೆ ಒಂದು ಬಿದಿರು ಅಡ್ಡ ಕಟ್ಟಿಸಿ, ಹಗ್ಗ ಒಂದು ಮೊಳ ಬಿಡಿಸಿದೆವು. ತೀರ ಉದ್ದ ಬಿಟ್ಟರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಜೋಕೆ. ನೆಲಕ್ಕೆ ದನ ತಿಂದು ಉಳಿಸಿದ ರಾಗಿಹುಲ್ಲು ಹರಡಿಸಿದೆ. ಮರುದಿನ ಅದು ಹೇಗೂ ತಿಪ್ಪೆ ಸೇರಿ ಗೊಬ್ಬರವಾಗುತ್ತದೆ.

ಹಾಲು ಇಷ್ಟು ಲೀಟರು ಹೆಚ್ಚುತ್ತದೆಂದು ನಾನು ಮಾತು ಕೊಡಲಾರೆ. ಆದರೆ ಹಸು ಮಲಗಿದಾಗ ಕೆಚ್ಚಲಿಗೆ ರಕ್ತದ ಹರಿವು ಹೆಚ್ಚುವುದು ನಿಜ. ಒದ್ದೆ ನೆಲದಲ್ಲಿ ಅದು ಮಲಗಲು ಹಿಂಜರಿಯುವುದೂ ನಿಜ. ಬಹಳ ಹೊತ್ತು ನಿಲ್ಲಿಸಿಟ್ಟ ಹಸು, ಹಸಿವಿದ್ದರೂ ಮೇವು ಬಿಟ್ಟು ಮೊದಲು ಮಲಗಲು ನೋಡುತ್ತದೆ ಎಂಬುದು ಪರೀಕ್ಷೆಗಳಲ್ಲಿ ಕಂಡ ಸಂಗತಿ. ನಾವು ಇಲಾಖೆಯವರು, ನನ್ನನ್ನೂ ಸೇರಿಸಿ, ಮೇವು, ಹಿಂಡಿ, ಲಸಿಕೆ ಎಂದು ಹೇಳಿದಷ್ಟು ಈ ಮಾತು ಹೇಳಲಿಲ್ಲ. ಅದು ನಮ್ಮ ತಪ್ಪು.

ಉಳುವ ಎತ್ತಿಗೂ ಇದೇ ಲೆಕ್ಕ. ನೊಗ ಬಿಚ್ಚಿದ ಮೇಲೆ ಮೇಯಿಸಿದರೆ ಸಾಲದು. ನೆರಳಲ್ಲಿ ಮಲಗಿ ಮೆಲುಕು ಹಾಕಲು ಬಿಡಬೇಕು.

ಇಂದು ರಾತ್ರಿ ಊಟವಾದ ಮೇಲೆ ಸದ್ದು ಮಾಡದೆ ಕೊಟ್ಟಿಗೆಗೆ ಹೋಗಿ ನೋಡಿ. ಎಷ್ಟು ದನ ಮಲಗಿವೆ, ಎಷ್ಟು ನಿಂತಿವೆ ಎಣಿಸಿ. ನಿಂತ ದನದ ಕೆಳಗಿನ ನೆಲ ಕೈಯಿಂದ ಮುಟ್ಟಿ ನೋಡಿ.